ಅಕ್ಕವ್ವ ಆರಿಸಿದ ವಾಲ್ವು

ನಮ್ಮೂರು ವಳಸಂಗದಲ್ಲಿ ನನ್ನನ್ನು ಇಂಜಿನೇರ ಎನ್ನುತ್ತಾರೆ. ಒಮ್ಮೆ ಯಾರದೋ ಟ್ರ್ಯಾಕ್ಟರಿನ ಟ್ರಾಲಿ ಮೇಲೆದ್ದದ್ದು ಇಳಿಯದೆ ನಿಂತುಬಿಟ್ಟಿತ್ತು. ನಾನು ಹೋಗಿ ಒಂದು ನಟ್ಟು ಸಡಿಲಿಸಿದೆ, ಇಳಿಯಿತು. ಇಳಿದದ್ದು ನನ್ನ ಚಪ್ಪಲಿಯ ಮೇಲೆ. ಆ ಹೊತ್ತಿಗೆ ಕಾಲು ಚಪ್ಪಲಿಯಿಂದ ಹೊರಗಿತ್ತು ಎಂಬುದಷ್ಟೇ ಅವತ್ತು ನಾನು ಮಾಡಿದ ಸರಿಯಾದ ಕೆಲಸ. ಊರು ಚಪ್ಪಲಿಯನ್ನು ಮರೆತು ಟ್ರಾಲಿಯನ್ನಷ್ಟೇ ನೆನಪಿಟ್ಟುಕೊಂಡಿದೆ. ನಾನೂ ತಿದ್ದಲು ಹೋಗಿಲ್ಲ.

ನಿಜ ಹೇಳಬೇಕೆಂದರೆ ನಾನು ಐಟಿಐ ಪಾಸಾದ ಫಿಟ್ಟರ್. ಹೆಸರು ಕುಣಾಲ, ವಯಸ್ಸು ಇಪ್ಪತ್ತಾರು, ಜತ್ತದ ಗುರುಲಿಂಗಪ್ಪನವರ ವರ್ಕ್‌ಶಾಪಿನಲ್ಲಿ ದಿನಗೂಲಿ. ಟ್ರಾಲಿ ಎತ್ತುವ ಜಾಕು, ಇಟ್ಟಿಗೆ ಒತ್ತುವ ಪ್ರೆಸ್ಸು, ಹೀಗೆ ಎಣ್ಣೆಯ ಒತ್ತಡದಿಂದ ನಡೆಯುವ ಯಂತ್ರಗಳೆಲ್ಲ ಕೆಟ್ಟರೆ ನಮ್ಮಲ್ಲಿಗೆ ಬರುತ್ತವೆ. ಆದರೆ ಈ ಕಥೆ ನನ್ನದಲ್ಲ, ಸೊರಡಿಯ ಅಕ್ಕವ್ವನದು. ಅವಳದನ್ನು ಹೇಳುವಾಗ ನನ್ನ ದಡ್ಡತನ ನಡುದಾರಿಯಲ್ಲಿ ಎಮ್ಮೆಯ ಹಾಗೆ ಮಲಗಿರುವುದರಿಂದ, ಅದನ್ನು ದಾಟಿಯೇ ಹೋಗಬೇಕು.

ಒಂದು ಶನಿವಾರ ಬೆಳಿಗ್ಗೆ ಆಕೆ ವರ್ಕ್‌ಶಾಪಿಗೆ ಬಂದಳು. ಐವತ್ತೈದರ ಆಸುಪಾಸು, ಹಸಿರು ಇಳಕಲ್ಲ ಸೀರೆ, ಹಣೆಗೆ ಭಂಡಾರದ ಅರಿಶಿನ, ಕಂಕುಳಲ್ಲಿ ಕಂಬಳಿಯ ಗಂಟು. ಗಂಟನ್ನು ನನ್ನ ಮೇಜಿನ ಮೇಲಿಟ್ಟು ಬಿಚ್ಚಿದಳು. ಒಳಗಿದ್ದ ಕರಿಯ ಉಣ್ಣೆ ಹಾಲಿನ ಹಾಗೆ ಉಕ್ಕಿ ಬಂದು ನನ್ನ ಚಹಾದ ಕಪ್ಪನ್ನು ಮುಚ್ಚಿಹಾಕಿತು.

"ಇದನ್ನ ಒತ್ತಬೇಕು," ಎಂದಳು.

"ಮೊದಲ ಕುಂದ್ರಿ ಆಯಿ."

"ನಾ ಕುಂತರ ಉಣ್ಣಿ ಒತ್ತತೈತೇನು?"

ಒಳಗಿನಿಂದ ಗುರುಲಿಂಗಪ್ಪನವರು ನಕ್ಕದ್ದು ಕೇಳಿಸಿತು. ಅವರಿಗೆ ಆಕೆಯ ಪರಿಚಯ ಹಳೆಯದು. ನಾನು ಎರಡು ಚಹಾ ಹೇಳಿ ಕೂತೆ. ಆಕೆ ಎಣ್ಣೆ ಡಬ್ಬಿಯ ಮೇಲೆ ಕೂತು ಹೇಳಿದ್ದು ಮತ್ತು ಆಮೇಲೆ ನಾನು ಕಂಡುಕೊಂಡದ್ದು ಎರಡನ್ನೂ ಸೇರಿಸಿ ಇಲ್ಲಿ ಬರೆಯುತ್ತೇನೆ.

ಅಕ್ಕವ್ವನ ತವರು ಅಸಂಗಿ. ಹದಿನಾರಕ್ಕೆ ಮದುವೆಯಾಗಿ ಸೊರಡಿಗೆ ಬಂದಳು. ಬಂದಳು ಎನ್ನುವುದಕ್ಕಿಂತ ಹಾದುಹೋದಳು ಎನ್ನಬೇಕು, ಮರುವಾರವೇ ಕುರಿಯ ಹಿಂದೆ ಕೃಷ್ಣೆಯ ಕಡೆಗೆ ನಡಿಗೆ. ಗಂಡ ಅಮಸಿದ್ದ ಮುಂದೆ, ನಡುವೆ ಕುರಿ, ಹಿಂದೆ ಕುದುರೆಯ ಬೆನ್ನ ಮೇಲೆ ಪಾತ್ರೆ, ಕೋಳಿ, ಅವತ್ತು ಹುಟ್ಟಿದ ಮರಿ, ಎಲ್ಲಕ್ಕೂ ಹಿಂದೆ ಇವಳು. ಹಿರಿಯ ಮಗ ಹುಟ್ಟಿದ್ದು ಮಿರಜದ ಆಚೆ ಯಾರದೋ ಕಬ್ಬಿನ ಹೊಲದ ಬದುವಿನ ಮೇಲೆ. "ಸೂಲಗಿತ್ತಿ ಬರೂದರಾಗ ಹುಟ್ಟಿಬಿಟ್ಟ," ಎನ್ನುತ್ತಾಳೆ. "ಅವತ್ತೊಂದ ದಿನ ಅವಸರ ಮಾಡಿದ ನೋಡು. ಈಗ ಎಂಟಕ್ಕ ಎಬ್ಬಿಸಿದರೂ ಏಳಾಂಗಿಲ್ಲ."

ಶಾಲೆಯ ಮುಖ ನೋಡಿಲ್ಲ. ಎಣಿಕೆ ಇಪ್ಪತ್ತರವರೆಗೆ, ಅದರಾಚೆ ಮತ್ತೊಂದು ಇಪ್ಪತ್ತು. ಆದರೆ ಸಂಜೆ ದಡ್ಡಿಯ ಬಾಯಲ್ಲಿ, ಅಂದರೆ ಕುರಿ ಕೂಡುವ ಮುಳ್ಳುಬೇಲಿಯ ಕಂಡಿಯಲ್ಲಿ, ಬಡಿಗೆ ಹಿಡಿದು ನಿಂತಳೆಂದರೆ ತಾಯಿಕುರಿ ಎಡಕ್ಕೆ, ಮರಿ ಬಲಕ್ಕೆ. ಬಡಿಗೆ ಒಮ್ಮೆ ಈ ಕಡೆ ವಾಲುತ್ತದೆ, ಒಮ್ಮೆ ಆ ಕಡೆ. ಚಹಾ ಆರುವುದರೊಳಗೆ ಒಂದೂವರೆ ನೂರು ಜೀವ ವಿಂಗಡವಾಗಿರುತ್ತವೆ. ಬಡಿಗೆ ನಡುವೆ ಅಡ್ಡ ಬಂದರೆ ಎಲ್ಲವೂ ಇದ್ದಲ್ಲೇ ನಿಲ್ಲುತ್ತವೆ. ಇದನ್ನು ನಾನು ಕಣ್ಣಾರೆ ನೋಡಿದ್ದು ಆಮೇಲೆ. ಮೊದಲೇ ನೋಡಿದ್ದರೆ ಈ ಬರಹ ಅರ್ಧ ಪುಟಕ್ಕೆ ಮುಗಿಯುತ್ತಿತ್ತು.

ಆಕೆಯ ತಲೆ ಹೊಕ್ಕಿದ್ದದ್ದು ಉಣ್ಣೆ. ಕಂಬಳಿ ನೇಯುವ ಮನೆಗಳು ಒಂದೊಂದಾಗಿ ಕಡಿಮೆಯಾದ ಮೇಲೆ ಕತ್ತರಿಸಿದ ಉಣ್ಣೆಯನ್ನು ಕೇಳುವವರಿಲ್ಲದೆ ಜನ ಬೇಲಿಯ ಸಂದಿಗೆ ತುರುಕತೊಡಗಿದ್ದರು. ಬೇಲಿಗೆ ತುರುಕಿದ ಉಣ್ಣೆ ಕಂಡಾಗಲೆಲ್ಲ ಆಕೆಗೆ ಹೊಟ್ಟೆ ಉರಿಯುತ್ತಿತ್ತು. "ಹೊಲಕ್ಕ ಅಂಗಿ ಹಾಕಿ, ಕುರಿ ಕಾಯೂ ಹುಡುಗ್ರು ಥಂಡ್ಯಾಗ ನಡಗ್ತಾರ," ಎಂದು ಬೈಯುತ್ತಿದ್ದಳು. ಕೊನೆಗೆ ಸೋಲಾಪುರದ ಒಬ್ಬ ವ್ಯಾಪಾರಿ ಸಿಕ್ಕ. ಅವನ ಕಾರ್ಖಾನೆಯಲ್ಲಿ ಸದ್ದು ಹೊರಗೆ ಹೋಗದಂತೆ ಗೋಡೆಗೆ ಮೆತ್ತುವ ಉಣ್ಣೆಯ ಹಾಸು ಮಾಡುತ್ತಾರಂತೆ. ಬಿಡಿ ಉಣ್ಣೆ ಬೇಡ, ಲಾರಿ ತುಂಬ ಗಾಳಿ ಹೊತ್ತುಕೊಂಡು ಹೋದಂತಾಗುತ್ತದೆ, ಒತ್ತಿ ಬಿಗಿದ ಅಂಡಿಗೆ ಇದ್ದರೆ ಹೇಳಿ ಎಂದ. ಅಕ್ಕವ್ವ "ಇಪ್ಪತ್ತ ಅಂಡಿಗಿ, ಬರೂ ಗುರುವಾರ ಬಿಟ್ಟ ಮುಂದಿನ ಗುರುವಾರ" ಎಂದುಬಿಟ್ಟಳು. ಇಪ್ಪತ್ತೇ ಏಕೆಂದರೆ ಆಕೆಯ ಎಣಿಕೆ ಅಲ್ಲಿಗೆ ನಿಲ್ಲುತ್ತಿತ್ತು.

ಸುತ್ತಲಿನ ಹದಿನಾಲ್ಕು ದಡ್ಡಿಯವರು ಆಕೆಯ ಒಂದು ಮಾತಿನ ಮೇಲೆ ಉಣ್ಣೆ ತಂದು ಸುರಿದರು. ಪಡಸಾಲೆ ತುಂಬಿತು, ಕೋಣೆ ತುಂಬಿತು, ಅಮಸಿದ್ದ ಹಾಸಿಗೆ ಸಮೇತ ಅಂಗಳಕ್ಕೆ ಬಂದ. ಪ್ರೆಸ್ಸನ್ನೂ ಆಕೆಯೇ ಹುಡುಕಿದ್ದಳು. ಇಚಲಕರಂಜಿ ಕಡೆ ಮುಚ್ಚಿದ ಗಿರಣಿಯೊಂದರಲ್ಲಿ ಚಿಂದಿ ಬಟ್ಟೆ ಒತ್ತುತ್ತಿದ್ದ ಯಂತ್ರ ಗುಜರಿಗೆ ಬಿದ್ದಿದೆ ಎಂದು ಕುರಿ ಸಂತೆಯಲ್ಲಿ ಸುದ್ದಿ ಸಿಕ್ಕಿತ್ತು. ಹಿರಿಯ ಸೊಸೆ ವಿಜಯಶ್ರೀಯನ್ನು ಕರೆದುಕೊಂಡು ಸರಕಾರಿ ಎಸ್ಟಿ ಬಸ್ಸಿನಲ್ಲಿ ಹೋದವಳು, ಯಂತ್ರಕ್ಕೆ ಮೂರು ಸುತ್ತು ಹಾಕಿ, ಟಗರಿನ ಬೆನ್ನು ತಟ್ಟಿದ ಹಾಗೆ ಅದರ ಕಂಬ ತಟ್ಟಿ ನೋಡಿ, ಕಬ್ಬಿನ ಟ್ರ್ಯಾಕ್ಟರಿನಲ್ಲಿ ಹೇರಿ ತಂದಿದ್ದಳು. ಮೋಟಾರ್ ಇತ್ತು, ಪಂಪ್ ಇತ್ತು, ಎಣ್ಣೆಯ ಟಾಕಿ ಇತ್ತು, ಉಣ್ಣೆ ತುಂಬುವ ಪೆಟ್ಟಿಗೆ ಇತ್ತು, ಮೇಲಿನಿಂದ ಒತ್ತುವ ಸಿಲಿಂಡರ್ ಮತ್ತು ಅದರ ತುದಿಗೆ ಕಬ್ಬಿಣದ ಹಲಗೆ ಇತ್ತು. ಇವೆಲ್ಲದರ ನಡುವೆ ಇರಬೇಕಾದ ವಾಲ್ವನ್ನು ಮಾತ್ರ ಯಾರೋ ಬಿಚ್ಚಿಕೊಂಡು ಹೋಗಿದ್ದರು.

"ಗುರುವಾರ ಲಾರಿ ಬರತೈತಿ," ಎಂದಳು ಅಕ್ಕವ್ವ. "ಖಾಲಿ ಹೋದ್ರ ಆ ಮನಿಶಾ ಮತ್ತ ಈ ಕಡೆ ತಲಿ ಹಾಕಾಂಗಿಲ್ಲ. ಅದ ಹೋಗ್ಲಿ. ಹದಿನಾಕ ದಡ್ಡಿ ಮಂದಿ ಮುಂದ ನಾ ಏನಂತ ತಿರಗ್ಯಾಡ್ಲಿ? ಅಕ್ಕವ್ವನ ಮಾತಂದ್ರ ಬೇಲಿ ಉಣ್ಣಿ ಅಂತಾರ."

ಗುರುಲಿಂಗಪ್ಪನವರು ಒಳಗಿನಿಂದಲೇ ಕೂಗಿದರು. "ಕುಣ್ಯಾ, ಈ ಸಲ ವಾಲ್ವ ನೀನ ಆರಸು. ಎಷ್ಟ ದಿನ ನಾ ಆರಿಸಿ ಕೊಟ್ಟದ್ದನ್ನ ಬಿಗಕೋಂತ ಕುಂದರತಿ?"

ಇದೇ ಮಾತಿಗಾಗಿ ನಾನು ಮೂರು ವರ್ಷ ಕಾದಿದ್ದೆ. ಕ್ಯಾಟಲಾಗ್ ತೆಗೆದು, ಗಂಟಲು ಸರಿಮಾಡಿಕೊಂಡು, ಆಕೆಗೆ ವಿವರಿಸತೊಡಗಿದೆ.

"ಪಂಪ ಎಣ್ಣಿ ನೂಕತೈತ್ರಿ. ಈ ವಾಲ್ವ ಅದಕ್ಕ ದಾರಿ ತೋರಸತೈತಿ. ಸಿಲಿಂಡರಿನ ಮ್ಯಾಲಿನ ಬಾಯಿಗೆ ಕಳಿಸಿದ್ರ ಹಲಗಿ ಇಳೀತೈತಿ. ಕೆಳಗಿನ ಬಾಯಿಗೆ ಕಳಿಸಿದ್ರ ಏರತೈತಿ."

"ಅಂದ್ರ ಕಂಡ್ಯಾಗ ಬಡಿಗಿ ಹಿಡದ ನಿಂತಾಂಗ."

"ಅಷ್ಟ ಸಸಾರ ಇಲ್ರಿ ಆಯಿ. ಇದು ಭಾಳ ತಾಂತ್ರಿಕ ಐತಿ."

"ಇರವಲ್ದ್ಯಾಕ. ಕೈ ಬಿಟ್ರ ಏನ ಮಾಡತೈತಿ?"

"ಅಂದ್ರ?"

"ಇಳಿಸಿದ್ನಿ, ಏರಿಸಿದ್ನಿ, ಸರಿ. ನಡುವ ಕೈ ಬಿಟ್ಟು ಹಗ್ಗಾ ಕಟ್ಟಾಕ ಹೋದ್ನಿ ಅಂತ ತಿಳಿ. ಆವಾಗ ಇದು ಏನ ಮಾಡತೈತಿ?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವುದನ್ನು ಐಟಿಐಯಲ್ಲಿ ಕಲಿಸುವುದಿಲ್ಲ. "ಸುಮ್ಮ ನಿಂತಿರತೈತ್ರಿ," ಎಂದೆ.

ಆಕೆ ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ಸಂತೆಯಲ್ಲಿ ಕುರಿಯ ವಯಸ್ಸನ್ನು ಮಾಲೀಕ ಕಡಿಮೆ ಹೇಳಿದಾಗ ಹಲ್ಲು ನೋಡುತ್ತಾರಲ್ಲ, ಆ ನೋಟ.

ವಾಲ್ವು ಆರಿಸುವಾಗ ಮೊದಲು ನೋಡಬೇಕಾದ್ದು ಎರಡು: ಪಂಪು ನಿಮಿಷಕ್ಕೆ ಎಷ್ಟು ಎಣ್ಣೆ ನೂಕುತ್ತದೆ, ಎಷ್ಟು ಒತ್ತಡದಲ್ಲಿ ನೂಕುತ್ತದೆ. ಆ ಎರಡೂ ನನಗೆ ಗೊತ್ತಿದ್ದವು, ಎರಡಕ್ಕೂ ತಾಳುವ ವಾಲ್ವನ್ನೇ ಹುಡುಕಿದೆ. ನನ್ನನ್ನು ಕೆಡಿಸಿದ್ದೇ ಆ ಎರಡು ಸರಿ. ಮುಂದಿನದನ್ನು ನಾನು ಮದುವೆಗೆ ಅಂಗಿ ಆರಿಸುವ ಹಾಗೆ ಆರಿಸಿದೆ. ಕೈಯಿಂದ ಜಗ್ಗುವ ಹಿಡಿಕೆಯದು ಹಳ್ಳಿಯ ಪಂಪಿನಂತೆ ಕಂಡಿತು. ಕರೆಂಟಿನ ಕಾಯಿಲ್ ಎರಡು ಕಡೆ ಕೊಂಬಿನಂತೆ ಇರುವ, ಹಸಿರು ಕೆಂಪು ಬಟನ್ ಒತ್ತಿದರೆ 'ಟಕ್' ಎನ್ನುವ ವಾಲ್ವು ಕಣ್ಣಿಗೆ ಬಿತ್ತು. ಅದು ನಡುವೆ ನಿಂತಾಗ ಏನು ಮಾಡುತ್ತದೆ ಎಂಬುದಕ್ಕೆ ಕ್ಯಾಟಲಾಗಿನಲ್ಲಿ ಐದಾರು ಪುಟ್ಟ ಚಿತ್ರಗಳಿದ್ದವು. ಮೊದಲನೆಯದು ಅಂದವಾಗಿತ್ತು. ಅದನ್ನೇ ಸಂಜೆಯ ಬಸ್ಸಿಗೆ ತರಿಸಿದೆ.

ಭಾನುವಾರ ಸೊರಡಿಗೆ ಹೋಗಿ ಕೂರಿಸಿದೆ. ಹದಿನಾಲ್ಕು ದಡ್ಡಿಯವರೂ ಬಂದಿದ್ದರು, ನಾನು ಇಸ್ತ್ರಿ ಅಂಗಿ ಹಾಕಿಕೊಂಡಿದ್ದೆ. ಎಣ್ಣೆಯ ಮಟ್ಟ ನೋಡಲು ಟಾಕಿಯ ಮುಚ್ಚಳ ತೆಗೆದಿಟ್ಟು, ಬಟನ್ನಿನ ಪೆಟ್ಟಿಗೆಗೆ ವೈರು ಜೋಡಿಸುತ್ತಿದ್ದೆ.

ಇಲ್ಲಿ ಒಂದು ಪದ್ಧತಿಯ ಮಾತು ಹೇಳಬೇಕು. ಅಮಸಿದ್ದನ ಮನೆಗೆ ಹೊಸದಾಗಿ ಏನು ಬಂದರೂ, ಟಗರಾಗಲಿ ನಾಯಿಯಾಗಲಿ ಮೊಬೈಲಾಗಲಿ, ಕುಲದೇವರು ಬೀರಪ್ಪನ ಭಂಡಾರ ಬೀಳದೆ ಅದು ಮನೆಯದಾಗುವುದಿಲ್ಲ. ಭಂಡಾರವೆಂದರೆ ಅರಿಶಿನದ ಪುಡಿ, ಚಿಟಿಕೆಯ ಲೆಕ್ಕವಲ್ಲ, ಬೊಗಸೆಯ ಲೆಕ್ಕ. ಅಮಸಿದ್ದ ಮಾತು ಕಡಿಮೆಯ ಮನುಷ್ಯ. ನಲವತ್ತು ವರ್ಷ ಕುರಿಯ ಜೊತೆ ನಡೆದು ಬಾಯಿಗೆ ಕೆಲಸ ಕಡಿಮೆಯಾಗಿದೆ, ಕೈ ಮಾತ್ರ ಧಾರಾಳ. ಕಂಬಕ್ಕೆ ಒಂದು ಬೊಗಸೆ, ಹಲಗೆಗೆ ಒಂದು ಬೊಗಸೆ, ಮೋಟಾರಿಗೆ ಒಂದು. ತೆರೆದ ಟಾಕಿಯ ಬಾಯಿ ಕಂಡು, ಹೊಟ್ಟೆ ಇರುವ ಯಾವುದನ್ನೂ ಬರಿದೇ ಬಿಡಬಾರದೆಂದು, ಅದರೊಳಗೂ ಒಂದು ಬೊಗಸೆ ಸುರಿದ. ನಾನು ತಿರುಗಿ ನೋಡುವಷ್ಟರಲ್ಲಿ ಎಲ್ಲರೂ ಬೀರಪ್ಪನ ಹೆಸರೆತ್ತಿ ಕೈಮುಗಿಯುತ್ತಿದ್ದರು. ನಾನೂ ಮುಗಿದೆ. ಮುಚ್ಚಳ ಹಾಕಿದೆ. ಒಳಗೆ ನೋಡಲಿಲ್ಲ.

ಹಸಿರು ಬಟನ್ ಒತ್ತಿದೆ. 'ಟಕ್.' ಹಲಗೆ ಇಳಿಯಿತು. ಆಳೆತ್ತರ ತುಂಬಿದ್ದ ಉಣ್ಣೆ ಮೊಣಕಾಲಿನಷ್ಟಾಯಿತು. ಜನ ಹೋ ಎಂದರು. ನಾನು ಬಟನ್ನಿನಿಂದ ಕೈ ತೆಗೆದು, ಸಭೆಯಲ್ಲಿ ಹಾರ ಹಾಕಿಸಿಕೊಳ್ಳುವವರ ಹಾಗೆ ಎದೆ ಮುಂದೆ ಮಾಡಿ ನಿಂತೆ. ವಿಜಯಶ್ರೀ ಹಗ್ಗ ಹಿಡಿದು ಕಟ್ಟಲು ಬಗ್ಗಿದಳು.

ಹಲಗೆ ತಾನಾಗಿ ಮೇಲೇರತೊಡಗಿತು.

ನಾನು ಅಂದ ನೋಡಿ ಆರಿಸಿದ ಚಿತ್ರದ ಅರ್ಥ, ನಡುವೆ ನಿಂತಾಗ ಎಲ್ಲ ದಾರಿಯೂ ತೆರೆದಿರುತ್ತದೆ ಎಂದು. ಒತ್ತಿದ ಉಣ್ಣೆ ಬಿಡುಗಡೆ ಸಿಕ್ಕ ಕೂಡಲೇ ಉಸಿರೆಳೆದುಕೊಂಡು, ಹಲಗೆಯನ್ನು ತಲೆಯ ಮೇಲೆ ಹೊತ್ತು, ಹುದುಗು ಬಂದ ಹಿಟ್ಟಿನಂತೆ ಎದ್ದು ಬಂತು.

"ಅತ್ತಿ, ಇದು ಹಾಸಗಿ ಬಿಟ್ಟ ಏಳಾಕತ್ತೇತಿ," ಎಂದಳು ವಿಜಯಶ್ರೀ.

"ನಿನ್ನ ಗಂಡಗಿಂತ ಚಲೋ," ಎಂದಳು ಅಕ್ಕವ್ವ.

ಇನ್ನೊಮ್ಮೆ ಒತ್ತಿದೆ. ಈ ಸಲ 'ಟಕ್' ಬರಲಿಲ್ಲ, ಬರೀ ಗುಂಯ್ ಎಂದಿತು. ಎಣ್ಣೆಯಲ್ಲಿ ಕಲಸಿದ ಅರಿಶಿನ ವಾಲ್ವಿನ ಹೊಟ್ಟೆಯೊಳಗಿನ ನುಣುಪಾದ ಸರಳು ಜಾರುವ ಸಂದಿನಲ್ಲಿ ಹೋಗಿ ಕೂತಿತ್ತು. ಆ ಸಂದು ಕೂದಲಿಗಿಂತ ಸಣ್ಣದು. ಮೇಲೆ ಭಾನುವಾರದ ಕರೆಂಟು, ಬಲ್ಬು ಕೂಡ ನಿದ್ದೆಗಣ್ಣಲ್ಲಿ ಉರಿಯುತ್ತಿತ್ತು. ಸರಳನ್ನು ಎಳೆಯಲಾಗದ ಕಾಯಿಲ್ ಬಿಸಿಯಾಗಿ, ಹೊಗೆ ಬಿಟ್ಟು, ಸತ್ತಿತು. ಅಂಗಳದ ತುಂಬ ಸುಟ್ಟ ರಬ್ಬರಿನ ವಾಸನೆ, ಜೊತೆಗೆ ಸ್ವಲ್ಪ ಪಲ್ಯದ ಒಗ್ಗರಣೆಯ ವಾಸನೆಯೂ ಇತ್ತು.

ಯಾರೂ ಬೈಯಲಿಲ್ಲ. ಅಕ್ಕವ್ವ ನನಗೊಂದು ಚರಿಗೆ ಮಜ್ಜಿಗೆ ಕೊಟ್ಟು ಎದುರಿಗೆ ಕೂತಳು.

"ಇಂಜಿನೇರಾ, ಕೈ ಬಿಟ್ರ ಏನ ಮಾಡತೈತಿ ಅಂತ ನಾ ಕೇಳಿದ್ದೆ."

"ಹೌದ್ರಿ."

"ನೀ ಸುಮ್ಮ ನಿಂತಿರತೈತಿ ಅಂದಿದ್ದಿ."

"ಹೌದ್ರಿ."

"ನಾಯಿ ಹೆಂಗ ಆರಸತೀವಿ ಗೊತ್ತೈತೇನ ನಿನಗ? ನೀ ಮುಂದ ನಿಂತಾಗ ಎಲ್ಲಾ ನಾಯೂ ಕುರಿ ಕಾಯತಾವು. ಅದನ್ನ ನೋಡಾಂಗಿಲ್ಲ. ನೀ ಬುತ್ತಿ ಉಣ್ಣಾಕ ಗಿಡದ ಹಿಂದ ಹೋಗಬೇಕು, ಅಲ್ಲಿಂದ ಹಣಿಕಿ ನೋಡಬೇಕು. ಆವಾಗ ಯಾವದು ಕುರಿ ಬಿಟ್ಟ ಹೋಗದ ಕುಂತಿರತೈತಿ, ಅದ ನಾಯಿ." ನನ್ನ ಚರಿಗೆ ಇಸಿದುಕೊಂಡಳು. "ನಾಳಿ ನಾ ಬರತೀನಿ. ಇದ್ದಬದ್ದ ವಾಲ್ವ ಎಲ್ಲಾ ಹೊರಗ ತಗದ ಇಡು."

ಸೋಮವಾರ ಗುರುಲಿಂಗಪ್ಪನವರು ಸುಟ್ಟ ವಾಲ್ವನ್ನು ಕೈಯಲ್ಲಿ ಹಿಡಿದು, ಮೂಸಿ ನೋಡಿ, "ಉಪ್ಪಿಟ್ಟ ಮಾಡಿದ್ದೇನೋ ಇದರಾಗ?" ಎಂದು ಕೇಳಿ, ಗುಜರಿಗೆಂದು ಬಾಗಿಲ ಬಳಿ ಇಟ್ಟರು. ನಾನು ಹಳೆ ಪೇಪರಿನ ಮೇಲೆ ನಾಲ್ಕು ವಾಲ್ವು ಸಾಲಾಗಿಟ್ಟೆ, ನಾಲ್ಕೂ ಕೈಹಿಡಿಕೆಯವು. ಕಾಯಿಲಿಗೆ ಕರೆಂಟು ಸಾಲದಿದ್ದರೆ ಸೋಲುತ್ತದೆ, ಕೈಯಿಂದ ಜಗ್ಗುವ ಹಿಡಿಕೆ ಅಷ್ಟಿಷ್ಟು ಕಸಕ್ಕೂ ಬಗ್ಗುವುದಿಲ್ಲ, ಸೊರಡಿಗೆ ಇದೇ ಸರಿ ಎಂದು ಗುರುಲಿಂಗಪ್ಪನವರು ಹೇಳಿದ್ದರು. ಅದನ್ನು ಶನಿವಾರವೇ ಹೇಳಬಹುದಿತ್ತಲ್ಲ ಎಂದು ನಾನು ಕೇಳಿದೆ. "ಹೇಳಿದ್ರ ಕೇಳತಿದ್ದೇನು?" ಎಂದರು. ಇಲ್ಲ, ಕೇಳುತ್ತಿರಲಿಲ್ಲ.

ಅಕ್ಕವ್ವ ವಿಜಯಶ್ರೀಯ ಜೊತೆ ಬಂದಳು, ಕಂಬಳಿಯ ಗಂಟಿನಲ್ಲಿ ಉಣ್ಣೆಯನ್ನೂ ತಂದಿದ್ದಳು. ನಮ್ಮಲ್ಲಿ ಒಂದು ಸಣ್ಣ ಪ್ರೆಸ್ಸಿದೆ, ವಾಲ್ವುಗಳನ್ನು ಅದಕ್ಕೇ ಕೂರಿಸಿ ಪರೀಕ್ಷೆ ಮಾಡುತ್ತೇವೆ. ಅದರಡಿ ಉಣ್ಣೆ ತುಂಬಿದೆವು.

ಮೊದಲನೆಯದರ ಹಿಡಿಕೆಯನ್ನು ಆಕೆ ಮುಂದಕ್ಕೆ ನೂಕಿದಳು, ಹಲಗೆ ಇಳಿಯಿತು. ಕೈ ಬಿಟ್ಟಳು. ಹಿಡಿಕೆ ನೂಕಿದಲ್ಲೇ ಕಚ್ಚಿಕೊಂಡು ನಿಂತಿತು, ಹಲಗೆ ಇಳಿಯುತ್ತಲೇ ಹೋಯಿತು.

"ತಗಿ ಇದನ್ನ," ಎಂದಳು. "ನಾ ಹೇಳಿದ್ದ ಕೆಲಸಾನ ಮಾಡಕೋಂತ ಹೊಂಟೇತಿ ಖರೆ, ಆದರ ನಮ್ಮ ವಿಜ್ಜಿ ಕೈ ಒಳಗಿತ್ತಂದ್ರ? ಇದಕ್ಕ ಹಿಂದ ನೋಡಿ ಗೊತ್ತಿಲ್ಲ."

ಎರಡನೆಯದರ ಹಿಡಿಕೆ ಕೈ ಬಿಟ್ಟ ಕೂಡಲೇ ಸ್ಪ್ರಿಂಗಿನಿಂದ ನಡುವಿಗೆ ಬಂತು. ಎಲ್ಲರೂ ಹಲಗೆಯನ್ನೇ ನೋಡಿದೆವು. ಅದು ಭಾನುವಾರದ ಹಾಗೆ ಸಾವಕಾಶ ಮೇಲೆದ್ದು ಬಂತು.

"ಇದು ನಿನ್ನ ವಾಲ್ವಿನ ತಮ್ಮ," ಎಂದು ಅಕ್ಕವ್ವ ನನ್ನ ಕಡೆ ನೋಡಿದಳು. ವಿಜಯಶ್ರೀ ಸೆರಗು ಬಾಯಿಗೆ ಇಟ್ಟುಕೊಂಡಳು.

ಮೂರನೆಯದು ನಡುವಿಗೆ ಬಂತು, ಹಲಗೆಯೂ ಇದ್ದಲ್ಲೇ ನಿಂತಿತು. ನನಗೆ ಜೀವ ಬಂತು. "ಇದ ನೋಡ್ರಿ ಆಯಿ," ಎಂದು ಬಿಚ್ಚಿಕೊಡಲು ನಟ್ಟಿನ ಪಾನಾ ಕೈಗೆತ್ತಿಕೊಂಡೆ.

"ತಡಿ. ಅದ್ಯಾಕ ಕಿರಚಾಕತ್ತೇತಿ?"

ಪಂಪು ಕಿರುಚುತ್ತಿತ್ತು. ನಡುವೆ ಎಲ್ಲ ದಾರಿಯೂ ಮುಚ್ಚಿಕೊಂಡಿದ್ದರಿಂದ, ನೂಕಿದ ಎಣ್ಣೆಗೆ ಹೋಗಲು ಜಾಗವಿಲ್ಲದೆ ಪಂಪು ತನ್ನ ಪೂರ್ತಿ ಬಲದಲ್ಲಿ ಗುದ್ದಾಡುತ್ತಿತ್ತು. ಆಕೆ ಟಾಕಿಯ ಮೇಲೆ ಅಂಗೈ ಇಟ್ಟು, ಜ್ವರ ನೋಡುವ ಹಾಗೆ ಕಾದಳು. ಐದು ನಿಮಿಷದಲ್ಲಿ ಟಾಕಿ ಬೆಚ್ಚಗಾಯಿತು.

"ಕೆಲಸ ಇಲ್ಲದಾಗೂ ಬೊಗಳೂ ನಾಯಿ," ಎಂದಳು. "ಕುರಿ ಏನೋ ಕಾಯತೈತಿ, ಆದರ ದೀಪಾವಳಿ ಮಟಾ ಬದಕಾಂಗಿಲ್ಲ."

ನಾಲ್ಕನೆಯದನ್ನು ಕೂರಿಸಿದೆ. ನೂಕಿದಳು, ಹಲಗೆ ಇಳಿಯಿತು. ಕೈ ಬಿಟ್ಟಳು, ಹಿಡಿಕೆ ನಡುವಿಗೆ ಬಂತು, ಹಲಗೆ ನಿಂತಿತು. ಪಂಪಿನ ದನಿ ಇಳಿದು, ಉಂಡು ಮಲಗಿದವರ ಉಸಿರಿನಂತಾಯಿತು. ಸಿಲಿಂಡರಿನ ಎರಡೂ ಬಾಯಿ ಮುಚ್ಚಿ, ಪಂಪಿನ ಎಣ್ಣೆಯನ್ನು ಮಾತ್ರ ಸಲೀಸಾಗಿ ಟಾಕಿಗೆ ಹಿಂದಿರುಗಿಸುವ ವಾಲ್ವು ಅದು.

ಆಕೆ ಹಲಗೆಯನ್ನು ಹಾಗೆಯೇ ಬಿಟ್ಟಳು. ಸೊಸೆಯನ್ನು ಕರೆದುಕೊಂಡು ಎದುರಿನ ಹೋಟೆಲ್ಲಿಗೆ ಹೋಗಿ ಚಹಾ ಕುಡಿಯುತ್ತ, ಅಲ್ಲಿಂದ ಬಾಗಿ ಬಾಗಿ ನಮ್ಮ ಪ್ರೆಸ್ಸನ್ನೇ ನೋಡಿದಳು. ಗುರುಲಿಂಗಪ್ಪನವರೂ ನಾನೂ ಅಡ್ಡ ಬರದಂತೆ ಪಕ್ಕಕ್ಕೆ ಸರಿದು ನಿಂತೆವು. ಚಹಾ ಮುಗಿಸಿ ಬಂದು ಹಲಗೆಯ ಮಟ್ಟಕ್ಕೆ ಬೆರಳಿಟ್ಟು ಅಳೆದಳು. ಅರ್ಧ ಬೆರಳಿನಷ್ಟು ಮೇಲೆ ಬಂದಿತ್ತು.

"ಇಂಥಾ ವಾಲ್ವಿನಾಗ ಅಷ್ಟ ಸೋರೂದ ಅಕ್ಕವ್ವಾ," ಎಂದರು ಗುರುಲಿಂಗಪ್ಪನವರು. "ಒಂದು ಚೂರೂ ಅಲಗಬಾರದು ಅಂದ್ರ ಕೀಲಿ ಹಾಕಿದಾಂಗ ಹಿಡಿಯೂ ಬ್ಯಾರೆ ಕುಲುಪಿನ ವಾಲ್ವ ಜೋಡಸಬೇಕು."

"ಅರ್ಧ ಬಟ್ಟ ಏಳೂದರಾಗ ವಿಜ್ಜಿ ನಾಕ ಹಗ್ಗಾ ಬಿಗೀತಾಳ. ಬ್ಯಾಡ. ಇದ ಇರಲಿ." ವಾಲ್ವಿನ ಮೇಲೆ ಒಮ್ಮೆ ಅಂಗೈ ಆಡಿಸಿದಳು. "ಶಾಣ್ಯಾ ಐತಿ."

ನನ್ನನ್ನು ಯಾರೂ ಹಾಗೆ ಅಂದಿದ್ದಿಲ್ಲ.

ಮಂಗಳವಾರ ಟಾಕಿ ತೊಳೆಯುವುದು ನನ್ನ ಪಾಲಿಗೆ ಬಂತು. ಎಣ್ಣೆ ಪೂರ್ತಿ ಬಸಿದೆ. ತಳದಲ್ಲಿ ಅರಿಶಿನದ ಕೆಸರು ಗಟ್ಟಿಯಾಗಿ ಕೂತಿತ್ತು. ಅಮಸಿದ್ದ ತಪ್ಪಿತಸ್ಥನ ಮುಖದಲ್ಲಿ ಬಂದು ಒರೆಸಲೆಂದು ಒಂದು ಹಿಡಿ ಉಣ್ಣೆ ಕೊಟ್ಟ. ನಾನು ತೆಗೆದುಕೊಂಡು, ಒಳಗೆ ಹಾಕುವುದರಲ್ಲಿದ್ದೆ. ಒಂದೇ ಒಂದು ಎಳೆ ಒಳಗುಳಿದರೂ ಭಾನುವಾರದ ಕಥೆ ಮತ್ತೆ ನಡೆಯುತ್ತಿತ್ತು. ಕೈ ಅರ್ಧದಲ್ಲಿ ನಿಂತದ್ದು ನನ್ನ ಜೀವನದಲ್ಲಿ ಚಪ್ಪಲಿ ಬಿಟ್ಟ ಮೇಲೆ ನಾನು ಮಾಡಿದ ಎರಡನೆಯ ಸರಿಯಾದ ಕೆಲಸ. ಅಕ್ಕವ್ವನ ಹಳೆಯ ಸೀರೆಯ ತುಂಡು ಕೇಳಿ ಇಸಿದುಕೊಂಡು, ಮೂರು ಸಲ ಒರೆಸಿ, ಪೈಪೆಲ್ಲ ಊದಿ, ಜಾಲರಿ ಹೊಸದು ಹಾಕಿ, ಅಕ್ಕವ್ವ ಆರಿಸಿದ ವಾಲ್ವು ಕೂರಿಸಿ, ಸೋಸಿದ ಎಣ್ಣೆ ತುಂಬಿದೆ.

ಸಂಜೆ ವಳಸಂಗಕ್ಕೆ ಹೋದಾಗ ನನ್ನ ಕೈ ಮೊಣಕೈವರೆಗೆ ಹಳದಿ. ಬುದ್ಧವಿಹಾರದ ಕಟ್ಟೆಯ ಮೇಲೆ ಕೂತಿದ್ದ ಗೆಳೆಯರು ಎದ್ದು ನಿಂತರು. "ಏನ ಇಂಜಿನೇರ, ಅರಿಶಿಣ ಹಚ್ಚಿಸ್ಕೊಂಡ ಬಂದಿ, ನಮಗ ಪತ್ರಿಕಿ ಇಲ್ಲೇನು?" ಮನೆಯಲ್ಲಿ ಅವ್ವ ಕೈ ಹಿಡಿದು ನೋಡಿ ಮೊದಲು ಗಾಬರಿಯಾದಳು, ಆಮೇಲೆ ಆಸೆಯಿಂದ, "ಹುಡಿಗಿ ಯಾವೂರಾಕಿ?" ಎಂದಳು. ಐವತ್ತೈದು ವರ್ಷದವಳು, ಸೊರಡಿಯವಳು, ಮಗ ಎಂಟಕ್ಕೆ ಏಳುವುದಿಲ್ಲ ಎಂದೆ. ಅವ್ವ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಬುಧವಾರ ಪ್ರೆಸ್ಸು ಚಾಲೂ ಆಯಿತು. ಭಂಡಾರ ಈ ಸಲವೂ ಬಿತ್ತು, ಬೀಳದೆ ಆಗುವಂತಿರಲಿಲ್ಲ. ಟಾಕಿಯ ಮುಚ್ಚಳ ಬಿಗಿದು, ಅದರ ಮೇಲೆ ಕಂಬಳಿ ಹಾಸಿ, ಅದರ ಮೇಲೆ ನಾನೇ ಕೂತೆ. ಅಮಸಿದ್ದ ಕಂಬಕ್ಕೆ ಬೊಗಸೆ ಹಾಕಿ, ಹಲಗೆಗೆ ಹಾಕಿ, ನನ್ನೆದುರು ಬಂದು ಸ್ವಲ್ಪ ಯೋಚಿಸಿ, ಟಾಕಿಯ ಪಾಲನ್ನು ನನ್ನ ತಲೆಯ ಮೇಲೆ ಸುರಿದ.

ಹಿಡಿಕೆ ವಿಜಯಶ್ರೀಯ ಕೈಯಲ್ಲಿತ್ತು. ಹೆಂಗಸರು ಉಣ್ಣೆ ತುಂಬುವುದು, ಇವಳು ನೂಕುವುದು, ಕೈ ಬಿಡುವುದು, ಹಗ್ಗ ಬಿಗಿಯುವುದು, ಜಗ್ಗುವುದು, ಅಂಡಿಗೆ ಹೊರಗೆ ಉರುಳುವುದು. ಮೊದಲ ಅಂಡಿಗೆ ಬಾಣಂತಿ ಮನೆಯ ಕೂಸಿನ ಹಾಗೆ ಕೈಯಿಂದ ಕೈಗೆ ಹೋಯಿತು, ಎಲ್ಲರೂ ಗುದ್ದಿ ನೋಡಿದರು. ಬುಧವಾರ ಹನ್ನೊಂದಾದವು. ಗುರುವಾರ ಊಟದ ಹೊತ್ತಿಗೆ ಹತ್ತೊಂಬತ್ತು. ಅಮಸಿದ್ದನ ಹಾಸಿಗೆ ಪಡಸಾಲೆಯವರೆಗೆ ವಾಪಸ್ಸು ಬಂದಿತ್ತು.

ಇಪ್ಪತ್ತನೆಯದಕ್ಕೆ ಉಣ್ಣೆ ತುಂಬುತ್ತಿದ್ದಾಗ ಲಾರಿ ಬಂತು. ವ್ಯಾಪಾರಿ ಇಳಿದವನೇ ಕಟ್ಟಿದ ಅಂಡಿಗೆಯೊಂದರ ಮೇಲೆ ಹತ್ತಿ ಎರಡು ಸಲ ಕುಣಿದ. ಅದು ಅಲುಗಲಿಲ್ಲ. ಆಮೇಲೆ ಪ್ರೆಸ್ಸಿನ ಹತ್ತಿರ ಬಂದ. ಆಗಷ್ಟೇ ಹಲಗೆ ಕೆಳಗೆ ಇಳಿದಿತ್ತು, ಹಿಡಿಕೆ ಅಕ್ಕವ್ವನೇ ಹಿಡಿದಿದ್ದಳು, ಕೊನೆಯದನ್ನು ತಾನೇ ಒತ್ತುತ್ತೇನೆ ಎಂದು.

"ಕೈ ತೆಗೆದರೆ ಮೇಲೆ ಬರೋದಿಲ್ಲವೇನಮ್ಮ?" ಎಂದ ವ್ಯಾಪಾರಿ.

ಅಂಗಳದಲ್ಲಿದ್ದ ಅಷ್ಟೂ ಜನ ನನ್ನ ಕಡೆ ನೋಡಿದರು. ನಾನು ಎಣ್ಣೆ ಡಬ್ಬಿಯ ಕಡೆ ನೋಡಿದೆ.

ಅಕ್ಕವ್ವ ಹಿಡಿಕೆ ಬಿಟ್ಟಳು. ಎರಡೂ ಅಂಗೈ ಮೇಲೆತ್ತಿ ಎಲ್ಲರಿಗೂ ತೋರಿಸಿದಳು. ಹಲಗೆ ನಿಂತಿತ್ತು, ಪಂಪು ಮೆಲ್ಲಗೆ ಉಸಿರಾಡುತ್ತಿತ್ತು. "ನೀವ ಮೊದಲ ಚಾ ಕುಡೀರಿ," ಎಂದು ಅವನಿಗೆ ಹೇಳಿ, ಹಿಂದಿರುಗಿಯೂ ನೋಡದೆ ಒಲೆಯ ಕಡೆ ನಡೆದಳು. ವಿಜಯಶ್ರೀ ನಾಲ್ಕನೆಯ ಹಗ್ಗಕ್ಕೆ ಗಂಟು ಹಾಕಿದಳು.

"ಇಪ್ಪತ್ತ," ಎಂದ ಅಮಸಿದ್ದ. ಆ ವಾರವಿಡೀ ಅವನ ಬಾಯಿಂದ ನಾನು ಕೇಳಿದ ಒಂದೇ ಮಾತು ಅದು.

ಲಾರಿ ಹೋಯಿತು. ದೀಪಾವಳಿಯ ಉಣ್ಣೆ ಕತ್ತರಿಸಿದ ಮೇಲೆ ಮತ್ತೆ ಬರುತ್ತೇನೆಂದ ವ್ಯಾಪಾರಿ, ಆಗ ಎಷ್ಟು ಅಂಡಿಗೆ ಎಂದು ಕೇಳಿದ. ಅಕ್ಕವ್ವ ಸ್ವಲ್ಪವೂ ತಡೆಯದೆ, "ಇಪ್ಪತ್ತ, ಮ್ಯಾಲ ಮತ್ತೊಂದ ಇಪ್ಪತ್ತ," ಎಂದಳು.

ಮೊನ್ನೆ ಎಣ್ಣೆ ನೋಡಲು ಸೊರಡಿಗೆ ಹೋಗಿದ್ದೆ. ಸಂಜೆಯಾಗಿತ್ತು. ದಡ್ಡಿಯ ಕಂಡಿಗೆ ಈಗೊಂದು ತಡಿಕೆಯ ಬಾಗಿಲಿದೆ. ಆಕೆ ಅದನ್ನು ತೆರೆದು ಬಡಿಗೆ ಹಿಡಿದು ನಿಂತಳು. ತಾಯಿಕುರಿ ಎಡಕ್ಕೆ ಹೋದವು, ಮರಿ ಬಲಕ್ಕೆ. ಕೊನೆಯದು ಒಳಗಾದ ಮೇಲೆ ಆಕೆ ಬಾಗಿಲಿನಿಂದ ಕೈ ಬಿಟ್ಟಳು. ಅದು ತಾನಾಗಿ ಬಂದು ಮುಚ್ಚಿಕೊಂಡಿತು.

ಬಾಗಿಲಿನ ಮೇಲ್ತುದಿಗೆ ಒಂದು ಹಗ್ಗ, ಹಗ್ಗ ಗೂಟದ ಮೇಲೆ ಹಾದು ಆ ಕಡೆ ಇಳಿದಿತ್ತು. ಅದರ ತುದಿಗೆ ಎರಡು ಕೊಂಬಿನ, ಅರ್ಧ ಸುಟ್ಟ, ಮೈಗೆಲ್ಲ ಭಂಡಾರ ಮೆತ್ತಿದ ಭಾರದ ಗುಂಡೊಂದು ತೂಗುತ್ತಿತ್ತು. ಗುರುತು ಹಿಡಿಯಲು ನನಗೆ ಒಂದು ಗಳಿಗೆ ಬೇಕಾಯಿತು.

"ಚಲೋ ವಾಲ್ವ ಆರಿಸಿದ್ದಿ ತಮ್ಮಾ," ಎಂದಳು ಅಕ್ಕವ್ವ. "ಜಾಗಾ ಒಂದ ತಪ್ಪಿತ್ತು ನೋಡು."